ರೊಕ್ಕ ಕೊಟ್ಟು ತಂದ ಉಪ್ಪು

ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಚರಗ ಚೆಲ್ಲಿ ಬಂದು ಬನ್ನಿ ಗಿಡದ ಕೆಳಗೆ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹೋಳಿಗೆ. ಮಾತಿನ ನಡುವೆ ಸುಮ್ನೆ ಹೇಳಿದೆ, ಬಾಗಲಕೋಟೆ ಮನೆಯಲ್ಲಿರುವ ಮೀನಿನ ಟ್ಯಾಂಕನ್ನು ಸಮುದ್ರದ ಟ್ಯಾಂಕ್ ಮಾಡುತ್ತಿದ್ದೇನೆ, ಅದಕ್ಕೆಂದೇ ಬೇರೆ ಉಪ್ಪು ತರಿಸಿದ್ದೇನೆ ಅಂತ. ಬೆಲೆಯನ್ನೂ ಹೇಳಿಬಿಟ್ಟೆ. ಅದು ತಪ್ಪಾಯಿತು.

ಅಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ.

"ಹೊಲದಾಗಿನ ಉಪ್ಪು ತಗ್ಯಾಕ ನಾವು ಇಪ್ಪತ್ತ ವರ್ಷದಿಂದ ಸಾಯಾಕತ್ತೀವಿ. ನೀ ರೊಕ್ಕಾ ಕೊಟ್ಟು ತಂದು ಹಾಕ್ತಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ಮಾತ್ರ ನಗಲಿಲ್ಲ. ಅವನು ಕುಳಿತಿದ್ದ ಜಾಗದಿಂದ ಮೂವತ್ತು ಹೆಜ್ಜೆ ಆಚೆ ಆ ಎರಡು ಎಕರೆ ಕಾಣುತ್ತಿತ್ತು.

ನಮ್ಮ ಹೊಲ ಇರುವುದು ಮುಧೋಳ ತಾಲೂಕಿನಲ್ಲಿ, ಘಟಪ್ರಭಾ ಕಾಲುವೆಯ ಕೆಳಗೆ. ಹಿಡಕಲ್ ಅಣೆಕಟ್ಟಿನ ನೀರು ಬಂದ ಮೇಲೆ ಜೋಳ ಹೋಗಿ ಕಬ್ಬು ಬಂತು. ಕರಿ ಭೂಮಿ, ನೀರು ಬೇಗ ಬಸಿಯುವುದಿಲ್ಲ. ನೀರಿದೆ ಅಂತ ಎಲ್ಲರೂ ಬಿಟ್ಟರು, ನಾವೂ ಬಿಟ್ಟೆವು. ನಾಲ್ಕು ಎಕರೆಯಲ್ಲಿ ತಗ್ಗಿನ ಕಡೆಯ ಎರಡು ಎಕರೆ ಮೊದಲು ನೀರು ನಿಂತು ಜವಳು ಹಿಡಿಯಿತು, ಆಮೇಲೆ ಉಪ್ಪೇರಿ ಸವಳಾಯಿತು. ಬ್ಯಾಸಿಗೆಯಲ್ಲಿ ನೋಡಿದರೆ ಯಾರೋ ಪೌಡರ್ ಚೆಲ್ಲಿದ ಹಾಗೆ ನೆಲ ಬೆಳ್ಳಗೆ ಮಿಂಚುತ್ತದೆ. ಜಿಪ್ಸಂ ಹಾಕಿದ್ದಾಯಿತು, ಹಸಿರೆಲೆ ಗೊಬ್ಬರ ಬೆಳೆದು ಮಗುಚಿದ್ದಾಯಿತು. ಈಗ ಅಲ್ಲಿ ಜಾಲಿ ಬೆಳೆಯುತ್ತದೆ. ಅದರ ಬಗ್ಗೆ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ.

ನನ್ನ ಟ್ಯಾಂಕ್ ಮೂರು ಅಡಿಯದು. ನವನಗರದ ಮನೆಗೆ ಬಂದ ವರ್ಷ ಕೊಂಡದ್ದು. ಆರು ವರ್ಷ ಅದರಲ್ಲಿ ಸಿಹಿನೀರಿನ ಮೀನುಗಳೇ ಇದ್ದವು. ಗಪ್ಪಿ, ಏಂಜಲ್, ಗಾಜು ನೆಕ್ಕುತ್ತ ಬಿದ್ದಿರುವ ಒಂದು ಸಕ್ಕರ್, ಅಂಗಡಿಯವರು ಶಾರ್ಕ್ ಅಂತ ಹೇಳಿ ಕೊಟ್ಟ ಎರಡು ಪಾಪದ ಮೀನು (ಶಾರ್ಕಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ), ಮತ್ತೆ ಒಂದು ಕರೀ ಮಾಲಿ. ಎಲ್ಲ ಚೆನ್ನಾಗಿಯೇ ಇತ್ತು. ಹಾಗಾದರೆ ಸಮುದ್ರ ಯಾಕೆ ಬೇಕಿತ್ತು?

ಚಿಕ್ಕವನಿದ್ದಾಗ ನಾನು ಆಲಮಟ್ಟಿ ಹಿನ್ನೀರನ್ನೇ ಸಮುದ್ರ ಅಂದುಕೊಂಡಿದ್ದೆ. ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದ ಮೇಲೆ ಆಚೆ ದಡ ಕಾಣದಷ್ಟು ನೀರು. ಮುಳುಗಡೆ ಊರಿನ ಮಕ್ಕಳಿಗೆ ಅದಕ್ಕಿಂತ ದೊಡ್ಡ ನೀರು ಇದ್ದೀತು ಅಂತ ಅನಿಸುವುದಾದರೂ ಹೇಗೆ? ನಿಜವಾದ ಸಮುದ್ರ ನೋಡಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ. ಹುಬ್ಬಳ್ಳಿ ದಾಟಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋದಾಗ. ಬಂಡೆಗಳ ನಡುವಿನ ಗುಂಡಿಯಲ್ಲಿ ಬೆರಳುದ್ದದ ಪಟ್ಟೆ ಮೀನೊಂದು ತೆರೆ ಬಂದಾಗೆಲ್ಲ ಹಿಂದೆ ಸರಿದು, ತೆರೆ ಹೋದ ಕೂಡಲೇ ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡುತ್ತ ಕುಳಿತೆ. ಪ್ಯಾಂಟು ಪೂರ್ತಿ ನೆನೆದದ್ದು ಗೊತ್ತೇ ಆಗಲಿಲ್ಲ. ಕಾರಣ ಕೇಳಿದರೆ ನನ್ನ ಹತ್ತಿರ ಇರುವುದು ಇಷ್ಟೇ.

ಮೊದಲ ಕೆಲಸ ಹಳೇ ಮೀನುಗಳಿಗೆ ಮನೆ ಹುಡುಕುವುದು. "ಹಿನ್ನೀರಿಗೆ ಬಿಟ್ಟ ಬಂದ್ರ ಪುಣ್ಯ ಬರತೈತ್ರೀ ಸರ" ಎಂದರು ಪಕ್ಕದ ಮನೆಯವರು. ಪುಣ್ಯ ಖಂಡಿತ ಬರುವುದಿಲ್ಲ. ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಹೀಗೆ ಬಿಟ್ಟು ಬಿಟ್ಟೇ ಅದು ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಸಂಸಾರ ಹೂಡಿ ಕುಳಿತಿದೆ, ಮೀನುಗಾರರ ಬಲೆ ಹರಿಯುತ್ತಿದೆ. ನನ್ನ ವಿದ್ಯಾರ್ಥಿಯೊಬ್ಬನ ಮನೆಗೆ ಎಲ್ಲವನ್ನೂ ಕೊಟ್ಟೆ. ಮಾಲಿ ಒಂದನ್ನು ಇಟ್ಟುಕೊಂಡೆ. ಅದಕ್ಕೆ ಕಾರಣ ಇತ್ತು, ಮುಂದೆ ಹೇಳುತ್ತೇನೆ.

ಆಮೇಲೆ ಟ್ಯಾಂಕ್ ಖಾಲಿ ಮಾಡಿದ್ದು. ಗಿಡ ಹೋಯಿತು, ಬಣ್ಣದ ಕಲ್ಲು ಹೋಯಿತು, ಮರದ ಬೊಡ್ಡೆ ಹೋಯಿತು. ಸಮುದ್ರದ ನೀರಿನ ಪಿಎಚ್ 8.1ರಿಂದ 8.4ರ ನಡುವೆ ನಿಲ್ಲಬೇಕು. ಅದಕ್ಕೆ ಸುಣ್ಣದ ಅಂಶ ಇರುವ ಉಸುಕು ಸರಿ, ನಮ್ಮ ಹೊಳೆ ಉಸುಕು ಬೇಡ. ಗಾಜು ಅದೇ, ಗಾಳಿ ಪಂಪು ಅದೇ, ಫಿಲ್ಟರೂ ಅದೇ. ಮೀನಿನ ಹೊಲಸನ್ನು ಅರಗಿಸುವ, ಫಿಲ್ಟರಿನ ಹಳೇ ಸ್ಪಂಜಿನ ಬ್ಯಾಕ್ಟೀರಿಯಾ ಹೊಸ ನೀರಿನಲ್ಲೂ ಕೆಲಸ ಮಾಡುತ್ತವೆ ಅಂತ ನಾನು ಲೆಕ್ಕ ಹಾಕಿದ್ದೆ. ಒಮ್ಮೆಲೇ ಅಷ್ಟು ಉಪ್ಪಿಗೆ ಬಿದ್ದರೆ ಅವೂ ಉಳಿಯುವುದಿಲ್ಲ. ನಾಲ್ಕನೇ ದಿನಕ್ಕೆ ಸ್ಪಂಜು ನಾರತೊಡಗಿತು. ಕಿತ್ತು ಎಸೆದೆ.

ನೀರಿನದು ದೊಡ್ಡ ಕಥೆ. ನಮ್ಮ ಬೋರಿನ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಉಪ್ಪುಗಳನ್ನು ಅಳೆಯುವುದು) ಅದ್ದಿದರೆ 1,100 ತೋರಿಸುತ್ತದೆ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ. ಬಕೆಟ್ಟಿನ ಅಂಚಿಗೆ ಬಿಳಿ ಪದರ, ಗೀಸರಿನ ಕಾಯಿಲ್ ವರ್ಷಕ್ಕೊಂದು. ಹೇಗೂ ಉಪ್ಪೇ ಹಾಕುವುದಲ್ಲ, ಬೋರಿನ ನೀರಾದರೇನು ಅಂತ ಅನಿಸುತ್ತದೆ. ಆದರೆ ಬೋರಿನ ನೀರಲ್ಲಿ ಇರುವ ಉಪ್ಪುಗಳು ಬೇರೆ, ಅವುಗಳ ಅಳತೆ ಬೇರೆ. ಅದರ ಮೇಲೆ ಇನ್ನೊಂದು ಉಪ್ಪು ಸುರಿದರೆ ಯಾವುದು ಎಷ್ಟಾಯಿತು ಅನ್ನುವುದೇ ತಿಳಿಯುವುದಿಲ್ಲ. ಗೊಬ್ಬರದ ನೈಟ್ರೇಟ್ ಇದ್ದರಂತೂ ಪಾಚಿಗೆ ಹಬ್ಬ. ಹಾಗಾಗಿ ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನು ಹೊತ್ತೆ. ಟ್ಯಾಂಕಿಗೆ 160 ಲೀಟರ್ ಹಿಡಿಯುತ್ತದೆ. ಕಲ್ಲು, ಉಸುಕು ಕಳೆದರೆ 130. ಏಳು ಕ್ಯಾನು, ಎರಡನೇ ಮಹಡಿ. "ಸಮುದ್ರ ಹೊತ್ಕೊಂಡ ಬರಾಕತ್ತೀರೇನ್ರೀ" ಅಂತ ಹೆಂಡತಿ ಮೆಟ್ಟಿಲ ಮೇಲೆ ನಿಂತು ನಕ್ಕಳು. ಒಂದು ಕ್ಯಾನೂ ಹಿಡಿಯಲಿಲ್ಲ.

ಇನ್ನು ಉಪ್ಪು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. 130 ಲೀಟರಿಗೆ ಸುಮಾರು ನಾಲ್ಕೂವರೆ ಕೆಜಿ. ಅವ್ವ ಫೋನಿನಲ್ಲಿ ಕೇಳಿದಳು, "ಹಳ್ಳುಪ್ಪು ಹಾಕಿದ್ರ ನಡ್ಯಂಗಿಲ್ಲೇನ? ಅದೂ ಸಮುದ್ರದ್ದ ಅಲ್ಲ?" ಇದು ಸರಿಯಾದ ಪ್ರಶ್ನೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನೇ ಗದ್ದೆಗೆ ಬಿಟ್ಟು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಆದರೆ ನೀರು ಒಣಗುತ್ತ ಹೋದಂತೆ ಉಪ್ಪುಗಳು ಒಂದೇ ಸಲ ಕೂಡುವುದಿಲ್ಲ. ಮೊದಲು ಸುಣ್ಣ, ಆಮೇಲೆ ಜಿಪ್ಸಂ, ಆಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಷಿಯಂ, ಪೊಟ್ಯಾಶಿಯಂ ಬಹುಪಾಲು ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಇರುತ್ತವೆ. ಹಳ್ಳುಪ್ಪನ್ನು ಮತ್ತೆ ನೀರಿಗೆ ಕರಗಿಸಿದರೆ ಉಪ್ಪುನೀರು ಸಿಗುತ್ತದೆ, ಸಮುದ್ರ ಸಿಗುವುದಿಲ್ಲ. ಅಕ್ವೇರಿಯಂ ಉಪ್ಪಿನಲ್ಲಿ ಅದೆಲ್ಲವನ್ನೂ ಅಳತೆ ಮಾಡಿ ಸೇರಿಸಿರುತ್ತಾರೆ. ಇದನ್ನೆಲ್ಲ ಅವ್ವನಿಗೆ ವಿವರಿಸಿದೆ. "ಒಟ್ಟ ರೊಕ್ಕ ಜಾಸ್ತಿ ಅನ್ನು" ಅಂದಳು.

ಉಪ್ಪು ಕರಗಿಸಿ, ಪಂಪಿನಿಂದ ಒಂದು ದಿನ ಪೂರ್ತಿ ಕಲಕಿಸಿ, ಹೈಡ್ರೋಮೀಟರ್ ಇಳಿಬಿಟ್ಟೆ. 1.025. ಸಿಹಿನೀರು 1.000 ಆದರೆ ಸಮುದ್ರ ಅದಕ್ಕಿಂತ ಅಷ್ಟು ಭಾರ. ಒಣ ಬಂಡೆಗಳನ್ನು ಜೋಡಿಸಿದೆ. ಹವಳದ ತುಂಡು ಎಲ್ಲಾದರೂ ಸಿಗುತ್ತದಾ ಅಂತ ಒಂದಿಬ್ಬರು ಕೇಳಿದರು. ನಮ್ಮ ಸಮುದ್ರದ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಸತ್ತ ಹವಳದ ತುಂಡನ್ನು ಮನೆಗೆ ತರುವುದೂ ಅಪರಾಧ. ನನಗೆ ಬಂಡೆ ಸಾಕು.

ಆಮೇಲೆ ಕಾಯುವುದು. ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡಬೇಕು. ಅದರಿಂದ ಅಮೋನಿಯಾ ಏಳುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ಇನ್ನೊಂದು ಬಗೆಯವು ಬಂದು ಅದನ್ನು ನೈಟ್ರೇಟ್ ಮಾಡುತ್ತವೆ. ಅಷ್ಟಾಗಲು ನಾಲ್ಕರಿಂದ ಆರು ವಾರ. ನನಗೆ ಏಳು ವಾರ ಹಿಡಿಯಿತು. ದಿನಾ ಸಂಜೆ ಕಾಲೇಜಿನಿಂದ ಬಂದು ಗಾಜಿನ ನಳಿಗೆಯ ನೀರಿಗೆ ಅಮೋನಿಯಾ ಪರೀಕ್ಷೆಯ ಹನಿ ಹಾಕಿ ಬಣ್ಣ ನೋಡುವುದು. ಹಳದಿ ಬಂದರೆ ಒಳ್ಳೆಯದು, ಹಸಿರು ಬಂದರೆ ಕೆಟ್ಟದ್ದು. ಬಾಳೆಲ್ಲ ಹಸಿರಿಗೆ ಹಂಬಲಿಸುವ ಒಣ ಸೀಮೆಯವನಿಗೆ ಇದೊಂದು ತಮಾಷೆ. ನಡುವೆ ಉಸುಕಿನ ಮೇಲೆಲ್ಲ ಕಂದು ಧೂಳಿನಂಥ ಪಾಚಿ ಹರಡಿತು, ಹೋಯಿತು. ಬಂದ ನೆಂಟರೆಲ್ಲ ಮೀನೆಲ್ಲಿ ಅಂತ ಕೇಳುವವರೇ. "ಇನ್ನಾ ಎಷ್ಟ ದಿನಾ ಬರೇ ನೀರ ನೋಡೋದ್ರೀ?" ಎಂದಳು ಹೆಂಡತಿ.

ಈಗ ಮಾಲಿಯ ವಿಷಯ. ಸಿಹಿನೀರಿನ ಮೀನಿನ ಮೈಯಲ್ಲಿ ಹೊರಗಿನ ನೀರಿಗಿಂತ ಉಪ್ಪು ಜಾಸ್ತಿ. ಹಾಗಾಗಿ ನೀರು ತಾನಾಗಿಯೇ ಒಳಗೆ ನುಗ್ಗುತ್ತಿರುತ್ತದೆ. ಅದು ನೀರು ಕುಡಿಯುವುದು ಬಲು ಕಡಿಮೆ, ಇಡೀ ದಿನ ಉಚ್ಚೆ ಹೊಯ್ಯುತ್ತದೆ. ಸಮುದ್ರದ ಮೀನಿಗೆ ತದ್ವಿರುದ್ಧ. ಹೊರಗೆ ಉಪ್ಪು ಜಾಸ್ತಿ, ಮೈಯಿಂದ ನೀರು ಹೊರಗೆ ಸೋರುತ್ತದೆ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದಲ್ಲ, ಹಾಗೆ. ಉಪ್ಪಿನಕಾಯಿ ಆಗಬಾರದು ಅಂದರೆ ಮೀನು ಸಮುದ್ರವನ್ನೇ ಕುಡಿಯಬೇಕು, ಕುಡಿದ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳಬೇಕು. ಸುತ್ತಲೂ ನೀರಿದ್ದರೂ ಅದಕ್ಕೆ ಬಾಯಾರಿಕೆ.

ಗಪ್ಪಿಯ ಬಂಧುವಾದ ಮಾಲಿಗೆ ಎರಡೂ ಬರುತ್ತದೆ. ನದಿ ಸಮುದ್ರ ಸೇರುವ ಕಡೆ ಬಾಳಿದ ಕುಲ ಅದರದು. ನಿಧಾನವಾಗಿ ಒಗ್ಗಿಸಿದರೆ ಅದರ ಕಿವಿರು ಉಪ್ಪನ್ನು ಒಳಗೆ ಎಳೆದುಕೊಳ್ಳುವುದು ಬಿಟ್ಟು ಹೊರಗೆ ತಳ್ಳತೊಡಗುತ್ತದೆ. ಬಕೆಟ್ಟಿನಲ್ಲಿ ಮಾಲಿಯನ್ನು ಬಿಟ್ಟು, ಟ್ಯಾಂಕಿನಿಂದ ಗಾಳಿ ಪಂಪಿನ ಸಣ್ಣ ಪೈಪು ಇಳಿಸಿ, ಪೈಪಿಗೆ ಗಂಟು ಹಾಕಿ ಹನಿ ಹನಿ ಉಪ್ಪುನೀರು ಬಿಟ್ಟೆ. ನಿಲ್ಲಿಸಿದೆ, ಮರುದಿನ ಮತ್ತೆ ಬಿಟ್ಟೆ. ಎರಡನೇ ದಿನ ಅದು ಮೂಲೆಯಲ್ಲಿ ರೆಕ್ಕೆ ಮುಚ್ಚಿಕೊಂಡು ನಿಂತಿತ್ತು. ನನಗೆ ಅನ್ನ ಸೇರಲಿಲ್ಲ. ಮುಳುಗಡೆಯಾದ ವರ್ಷ ನಮ್ಮ ಸೋದರಮಾವ ನವನಗರದ ಹೊಸ ಮನೆಯ ಕಟ್ಟೆಯ ಮೇಲೆ ಹೀಗೇ ಕುಳಿತಿರುತ್ತಿದ್ದದ್ದು ನೆನಪಾಯಿತು. ಆರನೇ ದಿನ ಮಾಲಿ ಟ್ಯಾಂಕಿನೊಳಗೆ ಹೋಯಿತು. ಬಂಡೆ ಸುತ್ತಿ ಬಂದು, ಪಾಚಿ ಕೆದರಿ ತಿಂದಿತು.

ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಒಂದು ಜೋಡಿ ಕ್ಲೌನ್ ಮೀನು ಬಂದವು. ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ರಾತ್ರಿ ಬಸ್ಸಿಗೆ. ಸಮುದ್ರದಿಂದ ಹಿಡಿದವಲ್ಲ, ತೊಟ್ಟಿಯಲ್ಲೇ ಮರಿ ಮಾಡಿಸಿದವು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದರ ಮರಿ ಮಾಡಿಸುವ ವಿಧಾನವನ್ನು ಇಲ್ಲೇ ರೂಢಿಸಿದ್ದಾರೆ. ಈ ಮೀನುಗಳು ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನಲ್ಲಿ ಜೋರಿರುವುದು ಹೆಣ್ಣಾಗುತ್ತದೆ. ನಮ್ಮ ಮನೆಯಲ್ಲಿ ಯಾರು ಜೋರು ಅಂತ ಈಗಾಗಲೇ ಎಲ್ಲರಿಗೂ ಗೊತ್ತು, ಆ ಜೋಕು ಹೇಳಿ ಹೇಳಿ ಹಳತಾಯಿತು.

ಏಪ್ರಿಲ್‌ನಲ್ಲಿ ನಾನು ಕೆಟ್ಟೆ.

ಬಾಗಲಕೋಟೆಯ ಬಿಸಿಲು ನಿಮಗೆ ಗೊತ್ತು. ಟ್ಯಾಂಕಿನ ನೀರು 31 ಡಿಗ್ರಿಗೆ ಹೋಯಿತು. ಈ ಮೀನುಗಳಿಗೆ 27ರ ಆಸುಪಾಸು ಬೇಕು. ಉಪ್ಪುನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ, ಬಿಸಿಯಾದರೆ ಇನ್ನೂ ಕಡಿಮೆ. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಕೊಳ್ಳುವ ತಾಕತ್ತಿರಲಿಲ್ಲ. ಮುಚ್ಚಳ ತೆಗೆದು ಎರಡು ಸಣ್ಣ ಫ್ಯಾನು ಕಟ್ಟಿದೆ. ಮಣ್ಣಿನ ಗಡಿಗೆ ತಂಪಾಗುವುದು ಹೇಗೋ ಹಾಗೆ 28ಕ್ಕೆ ಇಳಿಯಿತು. ಆದರೆ ದಿನಕ್ಕೆ ಮೂರು ಲೀಟರ್ ನೀರು ಆವಿಯಾಗತೊಡಗಿತು. ಅದೇ ವಾರ ಉತ್ತರ ಪತ್ರಿಕೆ ತಿದ್ದಲು ನಾನು ಧಾರವಾಡಕ್ಕೆ ಹೋಗಬೇಕಾಯಿತು. ನೀರು ಕಡಿಮೆಯಾದಷ್ಟು ತುಂಬು ಅಂತ ಮಗನಿಗೆ ಹೇಳಿ, ಎರಡು ಕ್ಯಾನು ಉಪ್ಪುನೀರು ಕಲಸಿಟ್ಟು ಹೋದೆ.

ಹತ್ತು ದಿನ ಬಿಟ್ಟು ಬಂದು ನೋಡಿದರೆ, ಮೀನುಗಳ ಜೊತೆ ಟ್ಯಾಂಕಿಗೆ ಬಿಟ್ಟಿದ್ದ ಎರಡು ಬಸವನಹುಳು ಸತ್ತಿದ್ದವು. ಕ್ಲೌನ್ ಮೀನುಗಳು ನೆಲ ಹಿಡಿದಿದ್ದವು. ಹೈಡ್ರೋಮೀಟರ್ 1.032 ತೋರಿಸಿತು. ಮಗನ ತಪ್ಪೇನೂ ಇಲ್ಲ, ಅವನು ಹೇಳಿದ್ದನ್ನೇ ಮಾಡಿದ್ದ. ದಿನಾ 3 ಲೀಟರ್, ಲೀಟರಿಗೆ 35 ಗ್ರಾಂ, ಹತ್ತು ದಿನಕ್ಕೆ ಒಂದು ಕೆಜಿಗೂ ಜಾಸ್ತಿ ಉಪ್ಪು. ಆವಿಯಾಗಿ ಹೋದದ್ದು ಬರೀ ನೀರು. ಉಪ್ಪು ಅಲ್ಲೇ ಇತ್ತು, ಅದರ ಮೇಲೆ ನಾನು ಮತ್ತೆ ಉಪ್ಪು ಹಾಕಿಸಿದ್ದೆ. ಪಿಯು ಮಕ್ಕಳಿಗೆ ಲೆಕ್ಕ ಕಲಿಸುವ ಮಾಸ್ತರ ನಾನು. ಇದು ಐದನೇ ಇಯತ್ತೆಯ ಲೆಕ್ಕ. ಎರಡು ದಿನ ಸ್ವಲ್ಪ ಸ್ವಲ್ಪವೇ ಉಪ್ಪುನೀರು ತೆಗೆದು ಸಿಹಿನೀರು ಹಾಕುತ್ತ 1.025ಕ್ಕೆ ತಂದೆ. ಕ್ಲೌನ್ ಮೀನುಗಳು ಚೇತರಿಸಿಕೊಂಡವು. ಮಾಲಿಗೆ ಏನೂ ಆಗಿರಲಿಲ್ಲ.

ಮೇ ತಿಂಗಳಲ್ಲಿ ಅಪ್ಪ ಕಣ್ಣಿನ ಪೊರೆ ತೆಗೆಸಲು ಬಂದ. ಹದಿನೈದು ದಿನ ನಮ್ಮಲ್ಲೇ ಇದ್ದ. ಕರೀ ಕನ್ನಡಕ ಹಾಕಿಕೊಂಡು ಟ್ಯಾಂಕಿನ ಎದುರಿನ ಕುರ್ಚಿಯಲ್ಲೇ ಕೂರುತ್ತಿದ್ದ. ಮೊದಲ ಮೂರು ದಿನ ಮೀನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾಲ್ಕನೇ ದಿನ ಎದ್ದು ಹೋಗಿ ಟ್ಯಾಂಕಿನ ಮೇಲಂಚನ್ನು ಮುಟ್ಟಿದ. ಅಲ್ಲಿ ಗುಳ್ಳೆ ಸಿಡಿದು ಒಣಗಿದ ಕಡೆ ಬಿಳಿ ಉಪ್ಪು ಕಟ್ಟುತ್ತದೆ. ಎಷ್ಟು ಒರೆಸಿದರೂ ಮತ್ತೆ ಬರುತ್ತದೆ. ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಹಚ್ಚಿಕೊಂಡ.

"ಇದು ನಮ್ಮ ಹೊಲದ್ದಽ ಐತಲ್ಲೋ ತಮ್ಮಾ."

ಬಸವನಹುಳು ಸತ್ತ ಕಥೆ ಹೇಳಿದೆ. ನಾನು ಪೂರ್ತಿ ಮುಗಿಸುವ ಮೊದಲೇ ಅವನಿಗೆ ತಿಳಿದಿತ್ತು. "ನೀರ ಹಾರಿ ಹೋಗತೈತಿ, ಉಪ್ಪ ಎಲ್ಲಿಗೂ ಹೋಗಂಗಿಲ್ಲ. ಬುಡದಾಗ ನೀರ ನಿಂತಿರತೈತಿ, ಎಲಿ ಒಣಗಿರತಾವು. ಮೊದಲ ನನಗ ತಿಳೀಲೇ ಇಲ್ಲ. ನೀರ ಕಡಿಮಿ ಆಗೇತಿ ಅಂತ ಇನ್ನಾ ಬಿಟ್ಟೆ." ಆ ಎರಡು ಎಕರೆಯ ಬಗ್ಗೆ ಅಪ್ಪ ನನ್ನೆದುರು ಇಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಅವತ್ತು ರಾತ್ರಿ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಒಂದು ಎಕರೆಗೆ ಒಂದು ಅಡಿ ನೀರು ಅಂದರೆ 12 ಲಕ್ಷ ಲೀಟರಿಗೂ ಜಾಸ್ತಿ. ಕಾಲುವೆಯ ನೀರು ಬಾಯಿಗೆ ಸಿಹಿಯೇ. ಆದರೂ ಲೀಟರಿಗೆ ಕಾಲು ಗ್ರಾಂ ಉಪ್ಪಿದೆ ಅಂತಿಟ್ಟುಕೊಂಡರೆ ಎಕರೆಗೆ 300 ಕೆಜಿ. ಕಬ್ಬು ವರ್ಷಕ್ಕೆ ಅಂಥ ಐದಾರು ಅಡಿ ಬೇಡುತ್ತದೆ. ಬಸಿದು ಹೋಗಲು ದಾರಿಯಿಲ್ಲದ ತಗ್ಗಿನ ಹೊಲದಲ್ಲಿ ವರ್ಷಾ ವರ್ಷಾ ಅದೆಲ್ಲ ಕೂಡುತ್ತದೆ. ಕೆಳಗಿನ ನೀರು ಮೇಲೆ ಬಂದು, ತನ್ನ ಉಪ್ಪನ್ನೂ ಹೊತ್ತು ತಂದು, ಮೇಲ್ಮಣ್ಣಿನಲ್ಲಿ ಬಿಟ್ಟು ಆವಿಯಾಗುತ್ತದೆ. ಅಪ್ಪ ಆ ಹಾಳೆಯನ್ನು ಬಹಳ ಹೊತ್ತು ನೋಡಿದ. ಹೊಸ ಕಣ್ಣಿಗೆ ಅಷ್ಟು ಆಯಾಸ ಬೇಡ ಅಂತ ಡಾಕ್ಟರು ಹೇಳಿದ್ದರು, ನಾನು ನೆನಪಿಸಲಿಲ್ಲ.

ಇದ್ದಷ್ಟು ದಿನ ದಿನಾ ಬೆಳಗ್ಗೆ ಟ್ಯಾಂಕಿಗೆ ಸಿಹಿನೀರು ತುಂಬುವ ಕೆಲಸ ಅವನೇ ಮಾಡಿದ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಚೊಂಬಿನಿಂದ, ಮೀನಿನ ಮೇಲೆ ಬೀಳದ ಹಾಗೆ ಬಂಡೆಯ ಮೇಲೆ ಸುರಿಯುತ್ತಿದ್ದ.

ಊರಿಗೆ ಹೋದವನು ಮಳೆಗಾಲಕ್ಕೆ ಮೊದಲೇ ಬಸಿಗಾಲುವೆ ಮಾಡಿಸಿದ. ತೂತು ಇರುವ ಪೈಪನ್ನು ನಾಲ್ಕು ಅಡಿ ಆಳದಲ್ಲಿ ಹೂಳಿ, ಇಳಿಜಾರು ಕೊಟ್ಟು ಹಳ್ಳಕ್ಕೆ ಬಿಡುವುದು. ಮೇಲಿನಿಂದ ಮಳೆನೀರು ತೊಳೆಯುತ್ತದೆ, ಉಪ್ಪುನೀರು ಕೆಳಗಿನ ಪೈಪಿನಿಂದ ಹೊರಗೆ ಹೋಗುತ್ತದೆ. ಇದನ್ನು ಮಾಡಿಸಿ ಅಂತ ಹತ್ತು ವರ್ಷದಿಂದ ಹೇಳುವವರಿದ್ದರು. ನನ್ನ ಟ್ಯಾಂಕ್ ನೋಡಿ ಮಾಡಿಸಿದ ಅಂತ ನಾನು ಹೇಳಿಕೊಳ್ಳುವುದಿಲ್ಲ, ಆ ವರ್ಷ ಕಬ್ಬಿನ ಬಾಕಿ ಬಿಲ್ಲೂ ಬಂದಿತ್ತು. ಪೈಪಿನ ನೀರು ಹಳ್ಳಕ್ಕೆ, ಹಳ್ಳದಿಂದ ಘಟಪ್ರಭೆಗೆ, ಚಿಕ್ಕಸಂಗಮದಲ್ಲಿ ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ. ಸಮುದ್ರ ಉಪ್ಪಾಗಿದ್ದೂ ಹೀಗೇ ಅಲ್ವಾ? ಹೊಳೆಗಳೆಲ್ಲ ತಂದು ಸುರಿದವು, ನೀರು ಮೋಡವಾಗಿ ಹೋಯಿತು, ಉಪ್ಪು ಉಳಿಯಿತು.

ಆಗಸ್ಟ್‌ನಲ್ಲಿ ಅಪ್ಪ ಒಂದು ನೀರಿನ ಬಾಟಲಿ ಹಿಡಿದುಕೊಂಡು ಬಂದ. ಪೈಪಿನಿಂದ ಬಸಿದ ನೀರು. ಕುಡಿಯುವ ನೀರು ಅಂದುಕೊಂಡು ಹೆಂಡತಿ ಫ್ರಿಜ್ಜಿನಲ್ಲಿ ಇಟ್ಟುಬಿಟ್ಟಿದ್ದಳು, ಸದ್ಯ ಯಾರೂ ಕುಡಿಯಲಿಲ್ಲ. ಟಿಡಿಎಸ್ ಮೀಟರ್ ಅದ್ದಿದೆ. 4,600. ಅಪ್ಪ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಸಿದ. ಮೀಟರಿನ ಅಂಕಿ, ಟ್ಯಾಂಕಿನ ಮೀನು, ಮತ್ತೆ ಅಂಕಿ ನೋಡಿದ.

"ಈ ನೀರಾಗ ನಿನ್ನ ಕರೀ ಮೀನ ಬದುಕತೈತೇನ?"

"ಆರಾಮ ಬದುಕತೈತಿ ಅಪ್ಪಾ. ಇದರ ಏಳ ಪಟ್ಟು ಉಪ್ಪಿನಾಗ ಐತಿ ಈಗ."

"ಹಂಗಾರ ಕಬ್ಬಿಗಿಂತ ಗಟ್ಟಿ ಐತಿ ಬಿಡು" ಎಂದು ಚೊಂಬು ತೆಗೆದುಕೊಂಡು ಟ್ಯಾಂಕಿಗೆ ನೀರು ತುಂಬಲು ಎದ್ದ.